ಹಿಲ್ದೂರ್ ಅತ್ತಿಗೆಯ ‘ಶುಪ್’

ದೇಶದ ಉತ್ತರ ತುದಿಯ ನಮ್ಮ ಗ್ರಾನ್‌ತ್ರೆಸ್ಕ್ ಊರಿನಲ್ಲಿ ‘ಹೌದು’ ಅನ್ನೋದಕ್ಕೆ ಯಾರೂ ಬಾಯಿ ತೆರೆಯುವುದಿಲ್ಲ. ಸೀಟಿ ಹೊಡೆಯುವವರ ಹಾಗೆ ತುಟಿ ಕೂಡಿಸಿ ಚಕ್ಕಂತ ಗಾಳಿ ಒಳಗೆಳೆದುಕೊಂಡರೆ ಮುಗಿಯಿತು. ಶುಪ್. ಅದೇ ನಮ್ಮ ಹೌದು. ಹೊರಗೆ ಮೈನಸ್ ಇಪ್ಪತ್ತೈದು ಇರುವಾಗ ಬಾಯಗಲಿಸಿ ಒಳಗಿನ ಬಿಸಿಯನ್ನೆಲ್ಲ ಊರಿಗೆ ಹಂಚೋದಕ್ಕೆ ನಮಗೇನು ಹುಚ್ಚೇ? ಕಾಫಿ ಬೇಕಾ ಅಂದರೆ ಶುಪ್. ಹಸು ಕರೆದಾಯ್ತಾ ಅಂದರೆ ಶುಪ್. ಮದುವೆಯ ದಿನ ಪಾದ್ರಿ ಕೇಳಿದ ದೊಡ್ಡ ಪ್ರಶ್ನೆಗೂ ನಾನು ಕೊಟ್ಟದ್ದು ಅದೇ ಉತ್ತರ. ಪಾದ್ರಿಯೂ ಈ ಕಡೆಯವನೇ, ತಲೆಯಾಡಿಸಿ ಮುಂದಿನ ಸಾಲಿಗೆ ಹೋದ.

ನಮ್ಮ ಹಿಲ್ದೂರ್ ಅತ್ತಿಗೆಯದಂತೂ ಇಡೀ ಊರಿನಲ್ಲೇ ಜೋರು ಶುಪ್. ಅವರು ಹಿತ್ತಲಲ್ಲಿ ನಿಂತು ಯಾರಿಗೋ ಹೌದು ಅಂದರೆ ನಮ್ಮನೆ ನಾಯಿ ಇಲ್ಲಿ ಕಿವಿ ನೆಟ್ಟಗೆ ಮಾಡುತ್ತಿತ್ತು. ಹಿಲ್ದೂರ್ ಅಂದರೆ ನನ್ನ ಅಣ್ಣ ಎವಾಲ್ದ್‌ನ ಹೆಂಡತಿ. ನಾನು ಆಲ್ಗೊತ್, ಚಳಿಗಾಲ ಪೂರ್ತಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಈ ಸೀಮೆಯಲ್ಲಿ ಹಿಮದ ಮೇಲೆ ವಾಹನ ಓಡಿಸೋದರಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ಆ ಮಾತು ಬೇರೆ.

ಅತ್ತಿಗೆಗೆ ಹೆದರಿಕೆ ಅನ್ನೋದೇ ಗೊತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಅವರಪ್ಪನ ಕುದುರೆ ಕಟ್ಟಿಕೊಂಡು ಕಾಡಿನ ಮರದ ದಿಮ್ಮಿಗಳನ್ನು ಜಾರುಬಂಡಿಯಲ್ಲಿ ಹೇರಿ, ಮಂಜುಗಟ್ಟಿದ ಗುಡ್ಡದ ದಾರಿಯಲ್ಲಿ ಒಬ್ಬರೇ ಇಳಿಸುತ್ತಿದ್ದರು. ದೊಡ್ಡ ಗಂಡಸರು ಆ ಇಳಿಜಾರಿನಲ್ಲಿ ಟೋಪಿ ಕಳಚಿ ದೇವರನ್ನು ನೆನೆಯುತ್ತಿದ್ದರು. ಈ ಹುಡುಗಿ ಹಾಡು ಹೇಳುತ್ತಾ ಇಳಿಯುತ್ತಿದ್ದಳಂತೆ. ಇಂಥವರು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಅರವತ್ತರಲ್ಲಿ, ಕಾರಿನ ಲೈಸೆನ್ಸ್ ಪರೀಕ್ಷೆಗೆ ಹೋಗಿ ಫೇಲಾಗಿ ಬಂದರು.

ಆಗ ನಾವಿನ್ನೂ, ಈಗಿನ ಹಾಗೆ ಬಲಗಡೆ ಅಲ್ಲ, ರಸ್ತೆಯ ಎಡಗಡೆ ಓಡಿಸುತ್ತಿದ್ದ ಕಾಲ. ಪರೀಕ್ಷೆ ಮಾಡೋಕೆ ರಾಜಧಾನಿಯಿಂದ ಯಾರೋ ಕರಿ ಕೋಟಿನವನು ಬಂದಿದ್ದ. ಕೊನೆಗೆ ಒಂದು ಚೀಟಿ ಬರೆದು ಕೈಗಿಟ್ಟ. ‘ಪ್ರತಿಯೊಂದು ಸೂಚನೆಗೂ ಬೆಚ್ಚಿಬೀಳುತ್ತಾರೆ. ವಾಹನ ನಡೆಸುವ ಧೈರ್ಯ ಸಾಲದು.’ ಹಿಲ್ದೂರ್‌ಗೆ ಧೈರ್ಯ ಸಾಲದು! ಊರಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಡುಗೆಯ ಲೆಕ್ಕಾಚಾರ ಬರೆದಿಡುವ ತಗಡಿನ ಡಬ್ಬಿಗೆ ಹಾಕಿ ಮುಚ್ಚಿದರು. ಆಮೇಲೆ ಯಾರು ಎಷ್ಟು ಹೇಳಿದರೂ ಪರೀಕ್ಷೆಯ ಹೆಸರೆತ್ತಲಿಲ್ಲ.

ಹಾಗಂತ ಓಡಿಸೋದನ್ನು ಬಿಟ್ಟರಾ? ಎಲ್ಲಿ ಬಂತು! ಮೂವತ್ತಾರು ವರ್ಷ ಎವಾಲ್ದ್‌ನ ಪಕ್ಕದ ಸೀಟಿನಲ್ಲಿ ಕೂತು ಬಾಯಲ್ಲೇ ಓಡಿಸಿದರು. “ಈಗ ಕಾಲು ತೆಗೀರಿ. ತಿರುವು ಬಂತು, ಬ್ರೇಕ್ ಮೊದಲೇ ಹಾಕ್ಬೇಕಿತ್ತು. ನಿಮ್ಮ ಕಣ್ಣು ಎಲ್ಲಿದೆ, ಮರ ನೋಡಿದ್ರೆ ಮರಕ್ಕೇ ಹೋಗ್ತೀರಿ, ರಸ್ತೆ ನೋಡಿ.” ಅಣ್ಣ ಪಾಪ, ಸ್ಟೇರಿಂಗ್ ಹಿಡಿದುಕೊಂಡಿರುತ್ತಿದ್ದ ಅಷ್ಟೇ. ಮೂವತ್ತಾರು ಚಳಿಗಾಲದಲ್ಲಿ ಆ ಮನೆಯ ಕಾರು ಒಂದೇ ಒಂದು ಸಲವೂ ಹಳ್ಳಕ್ಕೆ ಇಳಿಯಲಿಲ್ಲ. ನನ್ನ ಕಾರು ನಾಲ್ಕು ಸಲ ಇಳಿದಿದೆ. ಬಿಡಿ.

ಅಣ್ಣ ಒಂದು ದಿನ ಎದೆ ಹಿಡಿದುಕೊಂಡು ತೀರಿಹೋದ. ಅವನ ಪುಟ್ಟ ಕೆಂಪು ಕಾರು ಷೆಡ್ಡಿನಲ್ಲಿ ನಿಂತಿತು. ಅತ್ತಿಗೆ ಪಟ್ಟಣಕ್ಕೆ ಹೋಗಬೇಕಾದರೆ ಬಸ್ಸು ಹಿಡಿಯತೊಡಗಿದರು. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಒಂದೇ ಶರತ್ಕಾಲದಲ್ಲಿ ಎರಡು ಏಟು ಬಿತ್ತು. ಸೆಪ್ಟೆಂಬರಿನಲ್ಲಿ ಅವರ ಅಕ್ಕ ಎಲ್ವಿಗೆ ಪಾರ್ಶ್ವವಾಯು ಹೊಡೆಯಿತು. ಅಕ್ಟೋಬರಿನಲ್ಲಿ ಬಸ್ಸು ನಿಂತುಹೋಯಿತು.

ಎಲ್ವಿಯಕ್ಕ ಒಂದು ಕಾಲಕ್ಕೆ ನಮ್ಮ ಸೀಮೆಯ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸಿದವರು. ಬೆಳಗಿನಿಂದ ಸಂಜೆವರೆಗೆ ಮಾತು. ಯಾರ ಮನೆಯಲ್ಲಿ ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ ಅನ್ನೋದು ಮುನಿಸಿಕೊಂಡವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಅಂಥವರ ನಾಲಿಗೆ ಒಂದು ಬೆಳಿಗ್ಗೆ ಬಿದ್ದುಹೋಯಿತು. ಪಟ್ಟಣದ ಆರೈಕೆ ಮನೆಗೆ ಸೇರಿಸಿದರು, ನಮ್ಮೂರಿಂದ ಐವತ್ತೆರಡು ಕಿಲೋಮೀಟರು. ಮಾತು ವಾಪಸು ಬರೋದು ಕಷ್ಟ ಅಂತ ಡಾಕ್ಟರು ಹೇಳಿಬಿಟ್ಟರು. ಮಾತೇನು, ಒಂದು ‘ಹ್ಞಾಂ’ ಕೂಡ ಇಲ್ಲ. ಗೋಡೆ ನೋಡಿಕೊಂಡು ಮಲಗಿರುವುದು. ಯಾರು ಚಮಚ ಹಿಡಿದು ಕೂತರೂ ಬಾಯಿ ತೆರೆಯುತ್ತಿರಲಿಲ್ಲ. ತಂಗಿ ಬಂದ ದಿನ ಮಾತ್ರ ನಾಲ್ಕು ತುತ್ತು ತಿನ್ನುತ್ತಿದ್ದರು.

“ನಾನು ಕರ್ಕೊಂಡು ಹೋಗ್ತೀನಿ, ಅದಕ್ಯಾಕೆ ಯೋಚ್ನೆ?” ಅಂದೆ ನಾನು, ದೊಡ್ಡ ಮನುಷ್ಯನ ಹಾಗೆ. ಹೇಳುವಾಗ ನನ್ನ ಕೆಲಸ ಏನು ಅನ್ನೋದು ಮರೆತಿದ್ದೆ. ಹಿಮ ಬಿದ್ದ ದಿನ ನಾನು ಬೆಳಕು ಹರಿಯೋ ಮೊದಲೇ ಲಾರಿಯಲ್ಲಿರಬೇಕು. ಹಿಮ ಬೀಳದ ದಿನ ಕರೆದುಕೊಂಡು ಹೋಗೋಣ ಅಂದರೆ ಆ ಡಿಸೆಂಬರಿನಲ್ಲಿ ಹಿಮ ಬೀಳದ ದಿನವೇ ಬರಲಿಲ್ಲ. ಹತ್ತೊಂಬತ್ತು ದಿನ ಒಂದೇ ಸಮನೆ ಸುರಿಯಿತು. ಇಪ್ಪತ್ತನೇ ದಿನ ಹೋದಾಗ ಎಲ್ವಿಯಕ್ಕನ ಕೆನ್ನೆ ಒಳಗೆ ಹೋಗಿತ್ತು. ತಂಗಿಯನ್ನು ನೋಡಿ ಮುಖ ಗೋಡೆಗೆ ತಿರುಗಿಸಿಕೊಂಡರು. ಅತ್ತಿಗೆ ಎರಡು ಗಂಟೆ ಚಮಚ ಹಿಡಿದುಕೊಂಡು ಕೂತಿದ್ದರು, ಒಂದು ತುತ್ತೂ ಒಳಗೆ ಹೋಗಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತಿಗೆ ನನಗೆ ಬ್ರೇಕ್ ಹೇಳಿಕೊಡಲಿಲ್ಲ. ಅದನ್ನು ನೋಡಿಯೇ ನನಗೆ ಭಯ ಆಯಿತು. ಮನೆ ಮುಂದೆ ಇಳಿದವರು ಬಾಗಿಲು ಹಿಡಿದುಕೊಂಡೇ ಅಂದರು, “ಆಲ್ಗೊತ್, ಇನ್ನೊಂದು ಸಲ ಹತ್ತೊಂಬತ್ತು ದಿನ ಬಿಟ್ರೆ ಅಕ್ಕ ಉಳಿಯಲ್ಲ. ನಂಗೆ ಲೈಸೆನ್ಸ್ ಬೇಕು.”

“ಅತ್ತಿಗೆ, ನಿಮಗೀಗ ಅರವತ್ತು.”

“ನನ್ನ ವಯಸ್ಸು ಕೇಳಿದ್ನಾ ನಿನ್ನ? ಕಲಿಸ್ತೀಯಾ ಇಲ್ವಾ?”

ಶುಪ್ ಅಂದೆ. ಇನ್ನೇನು ಅನ್ನಲಿ? ಲೈಸೆನ್ಸ್ ಸಿಗೋವರೆಗೆ ಹಿಮ ಬಿಟ್ಟ ದಿನವೆಲ್ಲ ನಾನೇ ಪಟ್ಟಣಕ್ಕೆ ಕರೆದುಕೊಂಡು ಹೋಗೋದು ಅಂತಾಯಿತು.

ನಮ್ಮೂರ ಕೆರೆ ಡಿಸೆಂಬರಿಗೇ ಲಾರಿ ತಡೆಯುವಷ್ಟು ಗಟ್ಟಿಯಾಗುತ್ತದೆ. ಅದರ ಮೇಲೆ ನಾನೇ ಹಿಮ ತಳ್ಳಿ ಒಂದು ದೊಡ್ಡ ಸುತ್ತಿನ ದಾರಿ ಮಾಡಿದೆ, ಕೆಳಗೆ ಬರೀ ನುಣುಪು ಮಂಜುಗಡ್ಡೆ. ಮೊದಲನೆಯ ದಿನ ಅತ್ತಿಗೆ ಥರ್ಮಾಸ್ ತೆಗೆದರು. ಬಟ್ಟಲಿಗೆ ಬಿಸಿ ಕಾಫಿ ಸುರಿದು, ನಮ್ಮ ಕಡೆಯ ಪದ್ಧತಿಯಂತೆ ಅದಕ್ಕೆ ಎರಡು ಚೀಸ್ ತುಂಡು ಹಾಕಿ, ಕಂಠಮಟ್ಟ ತುಂಬಿಸಿ ನನ್ನ ಕೈಗೆ ಕೊಟ್ಟರು.

“ಕುಡೀಲಾ?”

“ಕುಡಿಯೋಕಲ್ಲ, ಹಿಡ್ಕೊಳ್ಳೋಕೆ. ಚೆಲ್ಲಿದ್ರೆ ನಾನು ತಪ್ಪು ಮಾಡಿದ್ದೀನಿ ಅಂತ ಲೆಕ್ಕ.”

“ಚೆಲ್ಲಿದ್ರೆ ಸುಡೋದು ನಂಗಲ್ವಾ?”

“ಅದಕ್ಕೇ ಸರಿಯಾಗಿ ಕಲಿಸು.”

ಎರಡನೇ ಗೇರಿನಲ್ಲಿ ಹೊರಡಿಸಿದರು. ಒಂದನೇ ಗೇರು ಹಾಕಿದರೆ ಗಾಲಿ ನಿಂತಲ್ಲೇ ಗಿರಗಿರ ಸುತ್ತುತ್ತದೆ ಅನ್ನೋದನ್ನು ನಾನು ಹೇಳೋಕೆ ಬಾಯಿ ತೆಗೆಯುವಷ್ಟರಲ್ಲಿ ಕಾರು ಹೊರಟೇಬಿಟ್ಟಿತ್ತು. ಕ್ಲಚ್ಚು ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ಕಾಫಿಯ ಮೇಲೆ ಚೀಸ್ ಕೂಡ ಅಲುಗಲಿಲ್ಲ. ಇದೆಲ್ಲಾ ಸುಲಭ, ಕಷ್ಟದ್ದು ಹೇಳಿಕೊಡೋಣ ಅಂತ ನಾನು ಮೇಷ್ಟ್ರ ಗಂಟಲಿನಲ್ಲಿ ಕೇಳಿದೆ, “ತಿರುವಲ್ಲಿ ಕಾರಿನ ಹಿಂಭಾಗ ಜಾರಿ ಪಕ್ಕಕ್ಕೆ ಬರೋಕೆ ಶುರುವಾಯ್ತು ಅನ್ನಿ. ಏನ್ ಮಾಡ್ತೀರಿ?”

“ನೀನೇ ಹೇಳಪ್ಪಾ, ಮೇಷ್ಟ್ರು ನೀನು.”

“ತಕ್ಷಣ ಎಕ್ಸಲೇಟರಿಂದ ಕಾಲು ಪೂರ್ತಿ ತೆಗೀಬೇಕು.”

“ಪೂರ್ತಿ?”

“ಪೂರ್ತಿ.”

ಹಿಂಭಾಗ ಜಾರಿಸಿದರು. ಕಾಲು ಪೂರ್ತಿ ತೆಗೆದರು. ಕಾರು ಬುಗುರಿ ಹಾಗೆ ಮೂರು ಸುತ್ತು ಸುತ್ತಿ, ಹಿಮದ ಗುಡ್ಡೆಗೆ ಹಿಂಭಾಗ ಒತ್ತಿಕೊಂಡು ನಿಂತಿತು. ಕಾಫಿ ಎಲ್ಲಿಗೆ ಹೋಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಕಾರಿನಿಂದ ಹಾರಿ ಹಿಮದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಅತ್ತಿಗೆ ಕಿಟಕಿ ಇಳಿಸಿ ನನ್ನನ್ನೇ ನೋಡುತ್ತಾ ಅಂದರು, “ನಿಂದು ಲಾರಿ ಬುದ್ಧಿ ಕಣೋ. ಲಾರೀಲಿ ಹಿಂದಿನ ಗಾಲಿ ತಳ್ಳುತ್ತೆ. ಈ ಕಾರಲ್ಲಿ ಕುದುರೆ ಮುಂದೆ ಇದೆ.”

“ಯಾವ ಕುದುರೆ?” ಅಂದೆ ಹಲ್ಲು ಕಚ್ಚಿಕೊಂಡು.

“ಪೆರ್ಲಾ.”

ಪೆರ್ಲಾ ಅವರಪ್ಪನ ಕುದುರೆ. ಸತ್ತು ನಲವತ್ತು ವರ್ಷವಾಗಿತ್ತು. ಅತ್ತಿಗೆಯ ಪ್ರಕಾರ ಅದು ಈಗ ಈ ಕೆಂಪು ಕಾರಿನ ಬಾನೆಟ್ಟಿನೊಳಗೆ ಇತ್ತು.

“ನೋಡು. ದಿಮ್ಮಿ ಹೇರಿದ ಬಂಡಿ ಇಳಿಜಾರಲ್ಲಿ ಸೊಟ್ಟಗೆ ಜಾರೋಕೆ ಶುರುವಾಯ್ತು ಅಂತಿಟ್ಕೋ. ಆಗ ಹೆದರ್ಕೊಂಡು ಕುದುರೇನ ನಿಲ್ಲಿಸಿಬಿಟ್ರೆ ಬಂಡಿ ತಿರುಗ್ಕೊಂಡು ಬಂದು ಕುದುರೆ ಕಾಲು ಮುರಿಯುತ್ತೆ. ನಿಲ್ಲಿಸಬಾರದು. ಹೋಗೋ ದಾರಿ ಕಡೆಗೆ ತಲೆ ತಿರುಗ್ಸಿ, ‘ಹೋಗೇ ಪುಟ್ಟಿ’ ಅಂತ ಮೆತ್ತಗೆ ಒಂದ್ಮಾತು. ಅವಳು ಒಂದೆರಡು ಹೆಜ್ಜೆ ಜಾಸ್ತಿ ಎಳೆದ್ರೆ ಸಾಕು, ಹಿಂದೆ ಇರೋದೆಲ್ಲ ತಾನಾಗೇ ನೆಟ್ಟಗಾಗುತ್ತೆ.”

“ಕುದುರೇನೇ ಜಾರಿದ್ರೆ? ಮುಂದಿನ ಗಾಲೀನೇ ಹಿಡಿತ ಬಿಟ್ರೆ?”

“ಆಗ ಲಗಾಮು ಜಗ್ಗಿದ್ರೆ ಮಂಡಿಯೂರಿ ಬೀಳ್ತಾಳೆ. ಸ್ಟೇರಿಂಗ್ ಇನ್ನಷ್ಟು ತಿರುಗ್ಸಬಾರದು, ಬ್ರೇಕೂ ಒತ್ತಬಾರದು. ಕಾಲು ಸಡಿಲ, ಕೈ ಸಡಿಲ. ಗೊರಸಿಗೆ ನೆಲ ಸಿಕ್ಕೋವರೆಗೂ ಸುಮ್ನೆ ಕಾಯ್ಬೇಕು. ನಿಂಗೆ ಸುಮ್ನಿರೋಕೇ ಬರಲ್ವಲ್ಲ, ಅದೇ ನಿನ್ನ ರೋಗ.”

ಅವರು ಮನೆಗೆ ಹೋದ ಮೇಲೆ ನಾನೊಬ್ಬನೇ ಆ ಕಾರು ತೆಗೆದುಕೊಂಡು ಕೆರೆಯ ಮೇಲೆ ಹೋಗಿ ನೋಡಿದೆ. ಜಾರಿಸಿದೆ, ಹೋಗೇ ಪುಟ್ಟಿ ಅಂತ ಎಕ್ಸಲೇಟರ್ ಮೆಲ್ಲಗೆ ಒತ್ತಿದೆ. ಕಾರು ನೆಟ್ಟಗಾಯಿತು. ಆರು ಸಲ ಮಾಡಿದೆ, ಆರು ಸಲವೂ ನೆಟ್ಟಗಾಯಿತು. ಮೂವತ್ತು ವರ್ಷ ಈ ರಸ್ತೆಗಳ ಮೇಲೆ ಲಾರಿ ಓಡಿಸಿದವನಿಗೆ ಸತ್ತ ಕುದುರೆ ಪಾಠ ಹೇಳಬೇಕಾಯಿತಲ್ಲ ಅಂತ ಹೊಟ್ಟೆ ಉರಿದುಹೋಯಿತು. ಅತ್ತಿಗೆಗೆ ಹೇಳಲಿಲ್ಲ. ಆದರೆ ಮಂಜಿನ ಮೇಲೆ ನನ್ನ ಗಾಲಿಯ ಗುರುತುಗಳನ್ನು ಅವರು ಮರುದಿನ ಬೆಳಿಗ್ಗೆ ನೋಡಿ, “ಪೆರ್ಲಾ ಹತ್ರ ಟ್ಯೂಷನ್‌ಗೆ ಹೋಗಿದ್ಯಾ?” ಅಂತ ಕೇಳಿಯೇಬಿಟ್ಟರು.

ಇನ್ನೊಂದು ದಿನ ಅವರ ಮನೆಯ ಏರುದಾರಿಯಲ್ಲಿ ಗಾಲಿ ಸುತ್ತಿಕೊಂಡು ಕಾರು ಹತ್ತಲೇ ಇಲ್ಲ. ನಾನು ಮರಳು ತರೋಕೆ ಇಳಿದೆ. ಹಿಂತಿರುಗಿ ಬರುವಷ್ಟರಲ್ಲಿ ಕಾರು ಅಂಗಳದಲ್ಲಿತ್ತು, ಹಿಂಭಾಗ ಮನೆಯ ಕಡೆಗೆ. ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಹತ್ತಿಸಿಬಿಟ್ಟಿದ್ದರು. ಏರಿನಲ್ಲಿ ಭಾರವೆಲ್ಲ ಕೆಳಗಡೆಗೆ ಬರುತ್ತದೆ, ಎಳೆಯೋ ಗಾಲಿಯನ್ನು ಕೆಳಗಡೆ ಇಟ್ಟರೆ ಅದಕ್ಕೆ ಹಿಡಿತ ಸಿಗುತ್ತದೆ. ಕೇಳಿದರೆ ಎಷ್ಟು ಸರಳ! “ಇದೂ ಪೆರ್ಲಾ ಹೇಳಿಕೊಟ್ಟದ್ದಾ?” ಅಂದೆ. “ಇಲ್ಲ, ಇದು ನಿಮ್ಮಣ್ಣ. ಅವರಿಗೂ ಅಷ್ಟೋ ಇಷ್ಟೋ ಗೊತ್ತಿತ್ತು,” ಅಂದರು. ಅಣ್ಣ ಬದುಕಿರುವಾಗ ಇಷ್ಟು ದೊಡ್ಡ ಮೆಚ್ಚುಗೆ ಅವನ ಕಿವಿಗೆ ಬೀಳಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಪಟ್ಟಣದಲ್ಲಿ ಪರೀಕ್ಷೆ. ಅತ್ತಿಗೆ ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು ಬಂದರು. ಪರೀಕ್ಷೆಯ ಕಾರೂ ಮುಂದಿನ ಗಾಲಿ ಎಳೆಯುವಂಥದ್ದೇ, ಆದರೆ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಆ ಸೀಟಿನಲ್ಲಿ ಕೂತವನ ಹೆಸರು ಮೆಲ್ಕೆರ್. ನಲವತ್ತರ ಆಸುಪಾಸು, ಸಭ್ಯ ಮನುಷ್ಯ. ದೇಶದ ದಕ್ಷಿಣ ತುದಿಯ ಬಯಲುಸೀಮೆಯಿಂದ ವರ್ಗವಾಗಿ ಬಂದು ಎರಡು ವಾರವಾಗಿತ್ತು. ಆ ಕಡೆ ಚಳಿಗಾಲ ಅಂದರೆ ಕೆಸರು. ಕಿವಿ ಮುಚ್ಚದ ಟೋಪಿ ಹಾಕಿದ್ದ, ಅದರಲ್ಲೇ ಗೊತ್ತಾಗುತ್ತಿತ್ತು.

“ನೀವು ಹಿಂದೆ ಕೂತ್ಕೋಬಹುದು,” ಅಂದ ನನಗೆ. “ಆದ್ರೆ ಒಂದೇ ಒಂದು ಮಾತಾಡಿದ್ರೂ ಪರೀಕ್ಷೆ ರದ್ದು. ಒಪ್ಪಿಗೆನಾ?”

ತಲೆಯಾಡಿಸಿದೆ.

“ಅವನು ಸುಮ್ನಿರೋದು ನೋಡೋಕಾದ್ರೂ ನಾನು ಪರೀಕ್ಷೆ ತಗೋಬೇಕಿತ್ತು,” ಅಂದರು ಅತ್ತಿಗೆ.

ಹೊರಟೆವು. ರಸ್ತೆಯೆಲ್ಲ ಗಾಜು. ಅತ್ತಿಗೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡಿಸುತ್ತಿದ್ದರು. ಮೆಲ್ಕೆರ್ ಅಂದ, “ಮುಂದಿನ ಕ್ರಾಸಲ್ಲಿ ಎಡಕ್ಕೆ.”

ಅತ್ತಿಗೆ, ಹೌದು ಅನ್ನೋಕೆ, “ಶುಪ್!”

ಮೆಲ್ಕೆರ್ ಬೆಚ್ಚಿಬಿದ್ದ. ರಸ್ತೆ ನೋಡಿದ, ಕನ್ನಡಿ ನೋಡಿದ, ಅತ್ತಿಗೆಯ ಮುಖ ನೋಡಿದ. ಹಾಳೆಯ ಮೇಲೆ ಏನೋ ಗೀಚಿದ. ಇವನಿಗೇನಾಯ್ತಪ್ಪಾ ಅಂದುಕೊಂಡೆ ನಾನು. ನಾಯಿ ಏನಾದರೂ ಅಡ್ಡ ಬಂತಾ?

“ಆ ಅಂಗಡಿ ದಾಟಿ ಬಲಕ್ಕೆ.”

“ಶುಪ್!”

ಮೆಲ್ಕೆರ್ ಈ ಸಲ ಸೀಟಿನ ಅಂಚು ಹಿಡಿದುಕೊಂಡ. ಅವನ ಬೂಟು ಬ್ರೇಕಿನ ಮೇಲೆ ಹೋಗಿ ನಿಂತದ್ದು ನನಗೆ ಹಿಂದಿನಿಂದ ಕಾಣಿಸಿತು. ಆಗ, ಇದ್ದಕ್ಕಿದ್ದ ಹಾಗೆ, ನನ್ನ ತಲೆಗೆ ಹೊಳೆಯಿತು. ಅಯ್ಯೋ ದೇವರೇ! ಇವನಿಗೆ ಅದು ಹೌದು ಅಂತ ಗೊತ್ತಿಲ್ಲ! ಹೆಂಗಸು ಹೆದರಿ ಉಸಿರು ಎಳೆದುಕೊಳ್ಳುತ್ತಿದ್ದಾಳೆ ಅಂತ ತಿಳಿದಿದ್ದಾನೆ! ಐವತ್ತೇಳು ವರ್ಷ ಬದುಕಿದ್ದರೂ ಲೋಕದಲ್ಲಿ ಈ ಸದ್ದು ತಿಳಿಯದ ಜನ ಇರಬಹುದು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೇಳಬೇಕು. ಹೇಳಿದರೆ ಪರೀಕ್ಷೆ ರದ್ದು. ನಾಲಿಗೆ ತುದಿಗೆ ಬಂದದ್ದನ್ನು ತಡೆಯೋಕೆ ಉಣ್ಣೆಯ ಕೈಗವಸು ಬಾಯಿಗೆ ತುರುಕಿಕೊಂಡೆ.

ಕಾರು ನದಿಯ ಕಡೆಗೆ ಉದ್ದನೆಯ ಇಳಿಜಾರು ಇಳಿಯುತ್ತಿತ್ತು. ಕೆಳಗೆ ತಿರುವು, ತಿರುವಿನ ಕೊನೆಗೆ ಸೇತುವೆ, ಸೇತುವೆಗೆ ಕಬ್ಬಿಣದ ಕಟಕಟೆ. ಅತ್ತಿಗೆ ಮೇಲೇ ವೇಗ ಇಳಿಸಿಕೊಂಡು, ಮೂರನೇ ಗೇರಿನಲ್ಲಿ, ಬ್ರೇಕು ಮುಟ್ಟದೆ ತಿರುವಿಗೆ ಇಳಿದಿದ್ದರು. ಮಾಡಬೇಕಾದದ್ದೇ ಅದು. ಸರಿಯಾಗಿ ತಿರುವಿನ ನಡುವೆ ಮೆಲ್ಕೆರ್ ಬಾಯಿ ತೆಗೆದ.

“ಸೇತುವೆ ಆದ್ಮೇಲೆ ಬಲಕ್ಕೆ—”

“ಶುಪ್!”

ಅವನು ಬ್ರೇಕನ್ನು ಜಿರಲೆ ತುಳಿದ ಹಾಗೆ ತುಳಿದ.

ನಾಲ್ಕೂ ಗಾಲಿ ಕಟ್ಟಿಕೊಂಡವು. ಮೂತಿ ನೆಟ್ಟಗೆ ಕಟಕಟೆಯ ಕಡೆಗೆ, ಬಾಲ ಪಕ್ಕಕ್ಕೆ ಬೀಸಿಕೊಂಡು ಬಂತು. ನನ್ನ ಜೀವ ಬಾಯಿಗೆ ಬಂತು, ಅಲ್ಲಿ ಕೈಗವಸು ಇದ್ದದ್ದರಿಂದ ಆಚೆ ಹೋಗಲಿಲ್ಲ.

“ಕಾಲು ತೆಗಿಯಪ್ಪಾ!” ಅತ್ತಿಗೆ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದರಲ್ಲಿ ಪರೀಕ್ಷಾಧಿಕಾರಿಯ ಮಂಡಿಗೆ ಫಟಾರ್ ಅಂತ ಬಾರಿಸಿದರು. ಕಾಲು ಮೇಲೆ ಹಾರಿತು. ಗಾಲಿಗಳು ಬಿಚ್ಚಿಕೊಂಡವು. ಅತ್ತಿಗೆ ಕಟಕಟೆ ನೋಡಲೇ ಇಲ್ಲ, ಸೇತುವೆಯ ನಡುವನ್ನೇ ನೋಡುತ್ತಿದ್ದರು. ಸ್ಟೇರಿಂಗ್ ಆ ಕಡೆಗೆ ಹೋಯಿತು. “ಹೋಗೇ ಪುಟ್ಟಿ,” ಅಂದರು ಮೆಲ್ಲಗೆ. ಮುಂದಿನ ಗಾಲಿ ನೆಲ ಕಚ್ಚಿತು, ಎಳೆಯಿತು, ಹಿಂದಿದ್ದದ್ದೆಲ್ಲ ನೆಟ್ಟಗಾಯಿತು. ಕಟಕಟೆ ನನ್ನ ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಹಿಂದಕ್ಕೆ ಹೋಯಿತು.

ಸೇತುವೆಯಾಚೆ ಹಳೆಯ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಅತ್ತಿಗೆ ಅವನ ಕಡೆ ತಿರುಗಿದರು. ಮೆಲ್ಕೆರ್‌ನ ಮುಖ ಹಿಮಕ್ಕಿಂತ ಬೆಳ್ಳಗಿತ್ತು.

“ಏನಪ್ಪಾ ನಿಂದು? ತಿರುವಿನ ಮಧ್ಯ ಯಾರಾದ್ರೂ ಬ್ರೇಕ್ ಒತ್ತುತ್ತಾರಾ?”

“ನೀವು… ನೀವು ಹೆದರಿಕೊಂಡ್ರಿ. ಎದುರಿಗೆ ಏನೋ ಬಂತು ಅಂದ್ಕೊಂಡೆ.”

“ನಾನಾ? ಯಾವಾಗ?”

“ನಾನು ಏನು ಹೇಳಿದ್ರೂ ಉಸಿರು ಸಿಕ್ಕಿಹಾಕ್ಕೊಂಡ ಹಾಗೆ ಬೆಚ್ಚಿಬೀಳ್ತೀರಲ್ಲ.”

ನಾನು ಹಿಂದೆ ಕೈಗವಸು ಅಗಿಯುತ್ತಾ ಕುದಿಯುತ್ತಿದ್ದೆ. ಬೆಚ್ಚಿಬೀಳ್ತೀರಲ್ಲ ಅನ್ನೋ ಮಾತು ಅತ್ತಿಗೆಯೊಳಗೆ ಎಲ್ಲೋ ಹೋಗಿ ತಗಡಿನ ಡಬ್ಬಿಯ ಮುಚ್ಚಳ ತೆಗೆಯಿತು. ಅದು ನನಗೆ ಅವರ ಕಿವಿ ಕೆಂಪಾದದ್ದರಲ್ಲೇ ತಿಳಿಯಿತು.

“ನಾನು ಹೌದು ಅಂದೆ,” ಅಂದರು.

“ಯಾವಾಗ ಅಂದ್ರಿ?”

“ಪ್ರತಿ ಸಲ. ನೀನು ಎಡಕ್ಕೆ ಅಂದೆ, ನಾನು ಹೌದು ಅಂದೆ. ನೀನು ಬಲಕ್ಕೆ ಅಂದೆ, ನಾನು ಹೌದು ಅಂದೆ. ಶುಪ್. ಇದು ಹೌದು. ನಾವೆಲ್ಲ ಹೀಗೇ ಅನ್ನೋದು.”

ಮೆಲ್ಕೆರ್‌ಗೆ ನಂಬಿಕೆ ಬರಲಿಲ್ಲ. ಮೆಲ್ಲಗೆ ಹಿಂದೆ ತಿರುಗಿ ನನ್ನನ್ನು ಕೇಳಿದ, “ನಿಜವಾ ಇದು?”

ನೋಡಿ, ಸಂಕಟ ಅಂದರೆ ಇದು. ಉತ್ತರ ಕೊಟ್ಟರೆ ಮಾತಾಡಿದ ಹಾಗೆ, ಮಾತಾಡಿದರೆ ಪರೀಕ್ಷೆ ರದ್ದು. ಕೈಗವಸು ಬಾಯಿಂದ ತೆಗೆದೆ. ಅವನ ಕಣ್ಣಲ್ಲಿ ಕಣ್ಣಿಟ್ಟೆ. ತುಟಿ ಕೂಡಿಸಿ, ಎದೆ ತುಂಬ ಗಾಳಿ ಒಳಗೆಳೆದೆ.

“ಶುಪ್.”

ಮಾತಾಡಲಿಲ್ಲ ಸ್ವಾಮಿ. ಉಸಿರಾಡಿದೆ ಅಷ್ಟೇ. ಉಸಿರಾಡಬಾರದು ಅಂತ ಯಾವ ನಿಯಮದಲ್ಲೂ ಇಲ್ಲ.

ಮೆಲ್ಕೆರ್ ನನ್ನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಆಮೇಲೆ ಭುಜ ಅಲುಗಿತು, ಆಮೇಲೆ ಹೊಟ್ಟೆ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. “ಬಂದಾಗಿನಿಂದ ನೋಡ್ತಿದ್ದೀನಿ, ಅಂಗಡಿಯವನು, ಮನೆ ಯಜಮಾನಿ, ಎಲ್ಲರೂ ನನ್ನ ಕಂಡ್ರೆ ಬೆಚ್ಚಿಬೀಳ್ತಾರೆ. ನನ್ನ ಮುಖದಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ!”

ಅತ್ತಿಗೆ ನಗಲಿಲ್ಲ. “ನಿಂಗೆ ಎರಡು ವಾರ,” ಅಂದರು. “ನಂಗೆ ಮೂವತ್ತೆಂಟು ವರ್ಷ.” ಡಬ್ಬಿಯ ಚೀಟಿಯ ಕಥೆ ಹೇಳಿದರು. ಅದರಲ್ಲಿದ್ದ ಎರಡು ಸಾಲನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಒಳ್ಳೆಯ ಹುಡುಗಿಗೆ ಹೇಡಿ ಅಂತ ಬರೆದುಕೊಟ್ಟು ಹೋದ ಆ ಕರಿ ಕೋಟಿನವನು ಎದುರಿಗೆ ಸಿಕ್ಕಿದ್ದರೆ ಹಿಮದ ಗುಡ್ಡೆಗೆ ತಲೆಕೆಳಗಾಗಿ ನೆಟ್ಟುಬಿಡುತ್ತಿದ್ದೆ, ಅಷ್ಟು ಸಿಟ್ಟು ಬಂತು ನನಗೆ.

ಮೆಲ್ಕೆರ್ ನಗು ನಿಲ್ಲಿಸಿದ. ಬರೆದಿದ್ದ ಹಾಳೆ ಹರಿದು ಜೇಬಿಗೆ ಹಾಕಿಕೊಂಡ. “ಬ್ರೇಕ್ ಒತ್ತಿದ್ದು ನನ್ನ ತಪ್ಪು, ನಿಮ್ಮದಲ್ಲ. ಮುಂದಕ್ಕೆ ಹೋಗೋಣ,” ಅಂದವನು, ಎರಡೂ ಕಾಲುಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಕೂತ. ಮತ್ತೆ ಇಪ್ಪತ್ತು ನಿಮಿಷ ಎಡಕ್ಕೆ, ಶುಪ್, ಬಲಕ್ಕೆ, ಶುಪ್. ಅವನು ಒಂದು ಸಲವೂ ಕದಲಲಿಲ್ಲ.

ಕೊನೆಗೆ ನಿ‌ಲ್ಲಿಸಿದಾಗ ಅತ್ತಿಗೆ ಕೇಳಿದರು, “ಪಾಸಾ?”

ಅವನು ತುಟಿ ಕೂಡಿಸಿದ, ಗಾಳಿ ಎಳೆದ, ಚಳಿಗಾಳಿ ಗಂಟಲಿಗೆ ಹೊಡೆದು ಕೆಮ್ಮತೊಡಗಿದ. ಅತ್ತಿಗೆ ಬೆನ್ನು ತಟ್ಟಿದರು. “ಕಲೀತೀಯ ಬಿಡು, ನಿಧಾನಕ್ಕೆ,” ಅಂದರು.

ಮರುದಿನವೇ ಹೊಸ ಹಿಮ. ಆವತ್ತು ಲಾರಿಗೆ ನನ್ನ ಸರದಿ ಇರಲಿಲ್ಲ. “ಬಾ, ಗಾಲಿಕುರ್ಚಿ ಮಡಚೋಕೆ ಒಬ್ಬರು ಬೇಕು,” ಅಂತ ನನ್ನನ್ನು ಕೆಂಪು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡರು. ಐವತ್ತೆರಡು ಕಿಲೋಮೀಟರು ಒಂದೇ ಹದದಲ್ಲಿ ಹೋದೆವು. ನಾನು ಎರಡು ಸಲ ನಿದ್ದೆ ಹೋದೆ. ಬೇರೆಯವರು ಓಡಿಸುವ ಕಾರಿನಲ್ಲಿ ನನಗೆ ನಿದ್ದೆ ಬಂದದ್ದು ಅದೇ ಮೊದಲು.

ಎಲ್ವಿಯಕ್ಕ ಗೋಡೆ ನೋಡಿಕೊಂಡೇ ಮಲಗಿದ್ದರು. ತಂಗಿ ಲೈಸೆನ್ಸಿನ ಕಾಗದ ಕಣ್ಣ ಮುಂದೆ ಹಿಡಿದರೂ ಮುಖ ತಿರುಗಿಸಲಿಲ್ಲ. ಅತ್ತಿಗೆ ಸುಮ್ಮನೆ ಬಿಡುವವರೇ? ದಾದಿಯ ಹತ್ತಿರ ಕೇಳಿ ಒಪ್ಪಿಸಿ, ಅಕ್ಕನಿಗೆ ಉಣ್ಣೆಯ ಕಾಲುಚೀಲ, ಕೋಟು, ಎರಡು ಟೋಪಿ ಹಾಕಿ, ಗಾಲಿಕುರ್ಚಿಯಲ್ಲಿ ಹೊರಗೆ ತಂದು, ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದರು. ಮೂವತ್ತಾರು ವರ್ಷ ತಾವು ಕೂತಿದ್ದ ಸೀಟು. ಎಲ್ವಿಯಕ್ಕನ ತಲೆ ಒಂದು ಕಡೆಗೆ ವಾಲಿತ್ತು. ಐದು ತಿಂಗಳಿಂದ ಒಂದು ಸದ್ದಿಲ್ಲದ ಆ ಬಾಯಿ ನೋಡೋಕೆ ನನಗೆ ಆಗಲಿಲ್ಲ, ಕಿಟಕಿಯಾಚೆ ನೋಡುತ್ತಾ ಕೂತೆ.

ಕಾರು ಹೊರಟಿತು. ಆಸ್ಪತ್ರೆ ಬೀದಿ ದಾಟಿ, ಚರ್ಚು ದಾಟಿ, ನದಿಯ ಇಳಿಜಾರಿಗೆ ಬಂದೆವು. ಅದೇ ತಿರುವು, ಅದೇ ಸೇತುವೆ. ತಿರುವಿಗೆ ಇಳಿಯುವಾಗ ಅತ್ತಿಗೆ, ರಸ್ತೆಯಿಂದ ಕಣ್ಣು ತೆಗೆಯದೆ, ದಿನಾ ಮಾತಾಡುವವರ ಹಾಗೆ ಅಂದರು, “ಅಕ್ಕಾ, ಇನ್ಮೇಲೆ ಹಿಮ ಬಿದ್ರೂ ಬರ್ತೀನಿ. ವಾರಕ್ಕೆ ಮೂರು ಸಲ. ಬರ್ಲಾ?”

ಮುಂದಿನ ಸೀಟಿನಲ್ಲಿ ಗಂಟಲು ಕಟ್ಟಿದ ಹಾಗೆ ಒಂದು ಸದ್ದಾಯಿತು. ಎಲ್ವಿಯಕ್ಕನ ಭುಜ ಮೇಲಕ್ಕೆ ಹೋಯಿತು, ತಲೆ ಹಿಂದಕ್ಕೆ ಬಿತ್ತು. ಇಲ್ಲದ ಬ್ರೇಕನ್ನು ನೆಲಕ್ಕೆ ತುಳಿದುಕೊಂಡು ಕೂಗಿದೆ, “ಅತ್ತಿಗೆ, ನಿಲ್ಸಿ! ನಿಲ್ಸಿ! ಅವರಿಗೆ ಉಸಿರು ಕಟ್ತಾ ಇದೆ!”

ಅತ್ತಿಗೆ ಬ್ರೇಕು ಮುಟ್ಟಲಿಲ್ಲ. ಕಾರು ತಿರುವು ಮುಗಿಸಿ ಸೇತುವೆಯ ನಡುವಿಗೆ ನೆಟ್ಟಗೆ ಬಂತು. ಕನ್ನಡಿಯಲ್ಲಿ ನೋಡಿದೆ, ಅವರ ಕೆನ್ನೆ ಎರಡೂ ಒದ್ದೆಯಾಗಿದ್ದವು.

“ಸುಮ್ನಿರೋ, ದಕ್ಷಿಣದವನೇ,” ಅಂದರು. “ಅಕ್ಕ ಹೌದು ಅಂದ್ಳು.”